ಕ್ಷೌರಿಕನೂ ಕಾಲನಿಯಮವೂ

ಮನುಷ್ಯನು ತನ್ನ ಜೀವನಯಾತ್ರೆಗೆ ಆಶ್ರಯಿಸುವ ಕಸಬುದಾರರಲ್ಲಿ ಕ್ಷೌರಿಕನಿಗೆ ಒಂದು ವಿಶೇಷವುಂಟು. ಮಡಿವಾಳನಿಗೆ ಬಟ್ಟೆಯನ್ನು ಕೊಟ್ಟು ಮನೆಗೆ ಬರಬಹುದು. ಕಮ್ಮಾರನ ಕುಲುಮೆಯಲ್ಲಿ ನೇಗಿಲ ಕುಳವನ್ನು ಬಿಟ್ಟು ಹೊಲದ ಕಡೆಗೆ ಹೋಗಬಹುದು. ದರ್ಜಿಗೆ ಅಳತೆಯನ್ನು ಕೊಟ್ಟು ವಾರದ ಮೇಲೆ ವಿಚಾರಿಸಬಹುದು. ಕ್ಷೌರಿಕನಲ್ಲಿ ತಲೆಯನ್ನು ಬಿಟ್ಟು ಬರುವ ಉಪಾಯವನ್ನು ಮಾತ್ರ ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಇಲ್ಲಿ ಕೆಲಸಕ್ಕೆ ಒಳಗಾಗುವ ವಸ್ತುವೂ ಅದರ ಯಜಮಾನನೂ ಒಂದೆಡೆಯಲ್ಲಿಯೇ ಇರಬೇಕು. ಆದುದರಿಂದ ಈ ಕಸಬಿನಲ್ಲಿ ಒಬ್ಬರು ಮತ್ತೊಬ್ಬರಿಗಾಗಿ ಕಾಯುವುದು ಅನಿವಾರ್ಯವು. ಯಾರು ಯಾರಿಗಾಗಿ ಕಾಯಬೇಕೆಂಬುದೊಂದೇ ಕಾಲಕಾಲಕ್ಕೆ ಬದಲಾಗುತ್ತ ಬಂದಿರುವ ವಿಷಯವು.

ಈಗ ಪಟ್ಟಣಗಳಲ್ಲಿಯೂ ಹೋಬಳಿಯ ಊರುಗಳಲ್ಲಿಯೂ ಕೇಳಿಬರುವ ದೂರು ಸರ್ವವಿದಿತವಾದುದು. ಹತ್ತು ಗಂಟೆಗೆ ಬನ್ನಿರೆಂದು ದೂರವಾಣಿಯಲ್ಲಿ ಹೇಳಿಸಿಕೊಂಡು ಹೋದ ಗೃಹಸ್ಥನು, ತನಗಿಂತ ಮುಂಚೆ ಅದೇ ಹತ್ತು ಗಂಟೆಗೆ ಕರೆಯಿಸಿಕೊಂಡ ಮೂವರನ್ನು ಅಲ್ಲಿ ಕಾಣುತ್ತಾನೆ. ಹನ್ನೊಂದೂವರೆಗೆ ಅವನ ಸರದಿ ಬರುತ್ತದೆ. ಇದನ್ನು ಅಲ್ಪವಿಷಯವೆಂದು ನಗುವವರುಂಟು. ಆದರೆ ತಿಂಗಳಿಗೊಂದು ಬೆಳಗನ್ನು ಹೀಗೆ ಕಳೆದುಕೊಳ್ಳುವವನಿಗೆ ಅದು ಅಲ್ಪವಲ್ಲ. ದಿನಗೂಲಿಯವನಿಗಂತೂ ಅದು ಅರ್ಧ ದಿನದ ಅನ್ನವು. ಈ ದೂರು ಎಂದಿನಿಂದ ಹುಟ್ಟಿತು, ಏಕೆ ಹುಟ್ಟಿತು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡಿದರೆ, ಹೊರಗೆ ಕಾಣುವುದಕ್ಕಿಂತ ಹೆಚ್ಚಿನ ಸಂಗತಿಗಳು ಅದರೊಳಗೆ ಅಡಗಿರುವುದು ತಿಳಿಯುತ್ತದೆ.

ಭರತಖಂಡದ ಅತಿ ಪ್ರಾಚೀನ ವಾಙ್ಮಯದಲ್ಲಿ ಕ್ಷೌರಿಕನು ಮನೆಗೆ ಬರುವವನಾಗಿಯೇ ಕಾಣಿಸಿಕೊಳ್ಳುತ್ತಾನೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಕಾಡನ್ನು ಸುಡುತ್ತ ಹೋಗುವ ಅಗ್ನಿಯನ್ನು ಗಡ್ಡ ಬೋಳಿಸುವ ವಪ್ತೃವಿಗೆ ಹೋಲಿಸಿರುವುದುಂಟು, ವಪ್ತೃವೆಂದರೆ ಕ್ಷೌರಿಕನೇ. ಅಥರ್ವವೇದದ ಆರನೆಯ ಕಾಂಡದ ೬೮ನೆಯ ಸೂಕ್ತವು ಇನ್ನೂ ಸ್ವಾರಸ್ಯವಾದುದು. ಸವಿತೃದೇವನು ಕ್ಷುರವನ್ನು ಹಿಡಿದು ಬಂದಿರುವನೆಂದೂ, ವಾಯುದೇವನು ಬಿಸಿನೀರನ್ನು ತರಬೇಕೆಂದೂ ಅಲ್ಲಿ ಪ್ರಾರ್ಥನೆಯಿದೆ. ಚೌಲಕರ್ಮದಲ್ಲಿ ವಿನಿಯೋಗವಾಗುವ ಮಂತ್ರಗಳಲ್ಲಿ ಇದೂ ಒಂದು. ಮಗುವಿನ ತಲೆಗೂದಲನ್ನು ತೆಗೆಯುವುದಕ್ಕೆ ದೇವತೆಗಳೇ ಮನೆಬಾಗಿಲಿಗೆ ಬರುವರಲ್ಲದೆ ಮಗುವನ್ನು ಎತ್ತಿಕೊಂಡು ಸವಿತೃವಿನ ಜಗಲಿಯಲ್ಲಿ ಯಾರೂ ಕಾಯುವುದಿಲ್ಲ. ಕರ್ನಾಟಕದಲ್ಲಿ ಈ ವೃತ್ತಿಯ ಸಮುದಾಯವು ತನ್ನನ್ನು ಸವಿತಾ ಸಮಾಜವೆಂದು ಕರೆದುಕೊಳ್ಳುತ್ತಿರುವುದು ಈ ಸಂದರ್ಭದಲ್ಲಿ ಸ್ಮರಣೀಯವು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಕ್ಷೌರಿಕನಿಗೆ ಕಟ್ಟುನಿಟ್ಟಾದ ವಿಧಿಯುಂಟು. ಅವನು ಸ್ನಾನಮಾಡಿ ಶುದ್ಧವಸ್ತ್ರವನ್ನುಟ್ಟು, ಅಂತಃಪುರದ ಅಧಿಕಾರಿಯ ಕೈಯಿಂದ ಮುದ್ರೆಯೊತ್ತಿದ ಉಪಕರಣಗಳನ್ನು ಪಡೆದು ಸೇವೆಗೆ ನಿಲ್ಲಬೇಕು. ಕತ್ತಿಯನ್ನು ಅರಸನ ಕೊರಳಿಗೆ ಹಿಡಿಯುವ ಅಧಿಕಾರವುಳ್ಳವನು ರಾಜ್ಯದಲ್ಲಿ ಅವನೊಬ್ಬನೇ ಆದುದರಿಂದ ಈ ಎಚ್ಚರಿಕೆಯು ಯುಕ್ತವೇ. ವಾತ್ಸ್ಯಾಯನನು ನಾಗರಿಕನ ದಿನಚರಿಯನ್ನು ಹೇಳುತ್ತ, ಸ್ನಾನವು ಪ್ರತಿದಿನವೂ, ಮೈಯುಜ್ಜುವುದು ಎರಡು ದಿನಗಳಿಗೊಮ್ಮೆಯೂ, ಮುಖಕ್ಷೌರವು ನಾಲ್ಕು ದಿನಗಳಿಗೊಮ್ಮೆಯೂ ಆಗಬೇಕೆಂದು ನಿಯಮಿಸಿರುವನು. ಇಲ್ಲಿ ದಿನವು ಗೊತ್ತು, ಹೊತ್ತು ಗೊತ್ತಿಲ್ಲ. ಹೊತ್ತು ಯಜಮಾನನ ಇಚ್ಛೆಗೆ ಸೇರಿದುದಾಗಿತ್ತು. ಅವನು ಏಳುವವರೆಗೆ ಕ್ಷೌರಿಕನು ಹೊರಗೆ ಕುಳಿತಿರುತ್ತಿದ್ದನು.

ದಿನವನ್ನು ನಿಯಮಿಸುವ ಕೆಲಸವನ್ನು ಮುಂದೆ ಜ್ಯೋತಿಷಶಾಸ್ತ್ರವು ಬಹು ವಿಸ್ತಾರವಾಗಿ ಕೈಗೊಂಡಿತು. ಭಾನುವಾರ, ಮಂಗಳವಾರ, ಶನಿವಾರಗಳು ಕ್ಷೌರಕ್ಕೆ ಆಗದವು. ಚತುರ್ಥೀ, ನವಮೀ, ಚತುರ್ದಶಿಗಳೆಂಬ ರಿಕ್ತಾತಿಥಿಗಳು ವರ್ಜ್ಯವು. ಪರ್ವದಿನಗಳೂ ಜನ್ಮನಕ್ಷತ್ರವೂ ವರ್ಜ್ಯವು. ಹೀಗೆ ಕಳೆಯುತ್ತ ಬಂದರೆ ತಿಂಗಳಿನಲ್ಲಿ ಹತ್ತು ಹನ್ನೆರಡು ದಿನಗಳು ಉಳಿದರೆ ಹೆಚ್ಚು. ಊರಿನವರೆಲ್ಲರಿಗೂ ಪಂಚಾಂಗವೊಂದೇ, ಊರಿಗೆ ಕ್ಷೌರಿಕನೂ ಸಾಮಾನ್ಯವಾಗಿ ಒಬ್ಬನೇ. ಉಳಿದ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಅವನನ್ನು ಬಯಸಿದರೆ ನೂಕುನುಗ್ಗಲಾಗದೆ ಇನ್ನೇನಾದೀತು? ಆಯುಷ್ಯದ ಲೆಕ್ಕವನ್ನು ನೋಡಿದ ಶಾಸ್ತ್ರಕಾರರು ಕಾಯುವವರ ಲೆಕ್ಕವನ್ನು ನೋಡಲಿಲ್ಲವೆಂದು ಹೇಳಬೇಕಾಗಿದೆ.

ಕನ್ನಡನಾಡಿನ ಗ್ರಾಮವ್ಯವಸ್ಥೆಯಲ್ಲಿ ಕ್ಷೌರಿಕನು ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನು. ಮೈಸೂರಿನಲ್ಲಿ ರೆಸಿಡೆಂಟನ ಅಧಿಕಾರವನ್ನು ನಡೆಸಿದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಹೊರಬಂದ ತನ್ನ ಚರಿತ್ರೆಯ ಮೊದಲನೆಯ ಸಂಪುಟದಲ್ಲಿ ಈ ಹನ್ನೆರಡು ಮಂದಿಯನ್ನು ಎಣಿಸುವಾಗ, ಗೌಡ, ಶಾನುಭೋಗ, ಜೋಯಿಸ, ಕಮ್ಮಾರ, ಬಡಗಿ, ಮಡಿವಾಳ ಮೊದಲಾದವರೊಡನೆ ಇವನನ್ನೂ ಎಣಿಸಿರುವನು. ಸುಗ್ಗಿಯ ಕಣದಲ್ಲಿ ಆಯವೆಂದು ಅಳೆದುಕೊಟ್ಟ ಧಾನ್ಯವೇ ಅವನಿಗೆ ವರ್ಷದ ಸಂಬಳವು. ತಲೆಗಿಷ್ಟೆಂಬ ಕಾಸಿನ ಲೆಕ್ಕವಿರಲಿಲ್ಲ. ನಾವಿದನೆಂದೂ, ಹಳೆಯ ಮೈಸೂರಿನ ಕಡೆ ಕೆಲಸಿಯೆಂದೂ ಕರೆಯಲ್ಪಡುತ್ತಿದ್ದ ಈತನು ಕತ್ತಿ, ಕತ್ತರಿ, ಸಾಣೆ, ಕನ್ನಡಿಗಳನ್ನಿಟ್ಟ ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಬೆಳಕು ಹರಿಯುವ ಮುನ್ನವೇ ಗೌಡನ ಹಟ್ಟಿಗೆ, ಶಾನುಭೋಗನ ಹಿತ್ತಿಲಿಗೆ ಹೋಗಿ ಕುಳಿತಿರಬೇಕು. ಅವರ ಕೆಲಸವು ತೀರಿದ ಮೇಲೆ ರೈತರ ಸರದಿ. ಅದು ಊರ ಮುಂದಣ ಮರದ ಕೆಳಗೆ. ಅಲ್ಲಿ ರೈತರು ಅವನಿಗಾಗಿ ಕಾಯುವರು. ಕೆಲವರ ತಲೆಯನ್ನು ಅವನು ಮುಟ್ಟುವ ಹಾಗೆಯೇ ಇರಲಿಲ್ಲ. ಅವರು ತಮ್ಮ ತಮ್ಮಲ್ಲಿಯೇ ಒಬ್ಬರಿಗೊಬ್ಬರು ಬೋಳಿಸಿಕೊಳ್ಳುತ್ತಿದ್ದರು. ಹೀಗೆ ಒಂದೇ ಬೆಳಗಿನಲ್ಲಿ ಕ್ಷೌರಿಕನು ಕಾಯುವ ಮನೆಗಳೂ, ಕ್ಷೌರಿಕನಿಗಾಗಿ ಕಾಯುವ ಜನರೂ, ಕಾಯುವುದಕ್ಕೂ ಅವಕಾಶವಿಲ್ಲದ ಕೇರಿಗಳೂ ಒಂದೇ ಊರಿನಲ್ಲಿದ್ದುವು.

ಇಷ್ಟೇ ಅಲ್ಲ. ಅವನೇ ಹುಣ್ಣು ಕುರುಗಳಿಗೆ ಶಸ್ತ್ರವಿಡುವವನು. ಬಹುಕಡೆ ಅವನ ಮನೆಯಾಕೆಯೇ ಸೂಲಗಿತ್ತಿ. ದಕ್ಷಿಣದ ಜಿಲ್ಲೆಗಳಲ್ಲಿ ಮದುವೆಗಳಲ್ಲಿ ಓಲಗ ಊದುವವರೂ ಬಹುಮಟ್ಟಿಗೆ ಅವನ ಕುಲದವರೇ. ಲಗ್ನದ ಕಾಲವು ಬಂದಿತೆಂದರೆ ಊರಿನ ಗಡ್ಡಗಳು ಬೆಳೆಯುತ್ತಿದ್ದುವು. ಇದನ್ನು ಸೋಮಾರಿತನವೆಂದು ಬಯ್ಯುವ ರೂಢಿಯಿತ್ತಾದರೂ, ನಾಲ್ಕು ವೃತ್ತಿಗಳನ್ನು ಒಂದು ಆಯಕ್ಕೆ ಮಾಡುತ್ತಿದ್ದವನನ್ನು ಸೋಮಾರಿಯೆನ್ನುವುದು ನ್ಯಾಯವಲ್ಲ.

ಈ ವೃತ್ತಿಯವನಿಗೆ ರಾಜಾನುಗ್ರಹವು ದೊರೆತ ಒಂದು ಪ್ರಸಂಗವು ಕನ್ನಡ ಶಾಸನಗಳಿಂದ ತಿಳಿಯುತ್ತದೆ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಎಂದರೆ ೧೫೪೨ರಿಂದೀಚೆಗೆ, ರಾಜ್ಯಭಾರವನ್ನು ವಸ್ತುತಃ ನಡೆಸುತ್ತಿದ್ದ ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ವಿಷಯದಲ್ಲಿ ಸಂತುಷ್ಟನಾಗಿ ನಾವಿದರ ಮೇಲಣ ತೆರಿಗೆಗಳನ್ನು ಬಿಟ್ಟುಕೊಟ್ಟನು. ಬಾದಾಮಿಯಲ್ಲಿಯೂ ಇತರ ಕಡೆಗಳಲ್ಲಿಯೂ ಇದನ್ನು ಸಾರುವ ಕಲ್ಬರಹಗಳುಂಟು. ದಿನವೂ ಅರಸನ ಬಾಗಿಲಲ್ಲಿ ಕಾದವನು ತನ್ನವರಿಗೆಲ್ಲ ಒಂದು ಉಪಕಾರವನ್ನು ಗಳಿಸಿದುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ಸಿಕ್ಕುವುದು ದುರ್ಲಭ.

ಭರತಖಂಡದ ಗ್ರಾಮಗಳಲ್ಲಿ ಕ್ಷೌರಿಕನು ಮನೆಮನೆಗೆ ತಿರುಗುತ್ತಿದ್ದ ಕಾಲದಲ್ಲಿಯೇ ಯವನರ ಪಟ್ಟಣಗಳಲ್ಲಿ ಅವನು ಅಂಗಡಿಯನ್ನಿಟ್ಟು ಕುಳಿತಿದ್ದನು. ಅಂಗಡಿಯು ಬಂದೊಡನೆಯೇ ಕಾಯುವ ಭಾರವು ಗಿರಾಕಿಯ ಮೇಲೆ ಬಿದ್ದಿತು. ಅಥೆನ್ಸಿನ ಸಂತೆಚೌಕದ ಸುತ್ತಣ ಕ್ಷೌರಶಾಲೆಗಳಲ್ಲಿ ಜನರು ಕುಳಿತು ಹರಟುತ್ತಿದ್ದುದನ್ನು ವಾಗ್ಮಿಯಾದ ಲೀಸಿಯಸನು ನ್ಯಾಯಸ್ಥಾನದ ಭಾಷಣದಲ್ಲಿಯೇ ಹೇಳಿರುವನು. ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು ಇವುಗಳಿಗೆ ಮದ್ಯವಿಲ್ಲದ ಪಾನಗೋಷ್ಠಿಗಳೆಂದು ಹೆಸರಿಟ್ಟನೆಂದು ಪ್ಲುಟಾರ್ಕನು ಬರೆದಿದ್ದಾನೆ. ಕಾಯುವವರ ಬೇಸರವನ್ನು ಮಾತಿನಿಂದ ಕಳೆಯಿಸುವ ವಿದ್ಯೆಯು ಅಂದಿನಿಂದಲೇ ಈ ವೃತ್ತಿಗೆ ಅಂಟಿಕೊಂಡಿತು. ಮಕೆಡೋನಿಯದ ಅರಸನಾದ ಆರ್ಕೆಲಾಸನನ್ನು ಅವನ ಕ್ಷೌರಿಕನು, ಹೇಗೆ ಕ್ಷೌರಮಾಡಲಿ ಎಂದು ಕೇಳಿದಾಗ, ಬಾಯಿಮುಚ್ಚಿಕೊಂಡು ಮಾಡೆಂದು ಅರಸನು ಉತ್ತರಕೊಟ್ಟನಂತೆ.

ಈ ಹರಟೆಯ ಪರಿಣಾಮವು ಒಮ್ಮೆ ಘೋರವೂ ಆಯಿತು. ಕ್ರಿ. ಪೂ. ೪೧೩ರಲ್ಲಿ ಅಥೆನ್ಸಿನ ಮಹಾಸೇನೆಯು ಸಿಸಿಲಿಯಲ್ಲಿ ನಿರ್ಮೂಲವಾದ ಸುದ್ದಿಯು ಮೊದಲು ಮುಟ್ಟಿದುದು ರಾಜಸಭೆಗಲ್ಲ. ಪಿರೇಯಸ್ ಬಂದರದ ಒಬ್ಬ ಕ್ಷೌರಿಕನಿಗೆ. ಅಂಗಡಿಗೆ ಬಂದವನೊಬ್ಬನ ಬಾಯಿಂದ ಅದನ್ನು ಕೇಳಿದ ಅವನು ಅಂಗಡಿಯನ್ನು ಬಿಟ್ಟು ಪಟ್ಟಣಕ್ಕೆ ಓಡಿದನು. ಸುದ್ದಿಯನ್ನು ಕೊಟ್ಟವನಾರೆಂದು ಅವನಿಗೆ ಹೇಳಲಾಗಲಿಲ್ಲ. ಜನರು ಅವನನ್ನು ಸುಳ್ಳುಗಾರನೆಂದು ಚಕ್ರಕ್ಕೆ ಕಟ್ಟಿ ಹಿಂಸಿಸಿದರು. ಅಷ್ಟರಲ್ಲಿ ನಿಜವಾದ ದೂತರು ಬಂದರು. ಎಲ್ಲರೂ ತಮ್ಮ ತಮ್ಮ ಸತ್ತವರಿಗಾಗಿ ಅಳುತ್ತ ಮನೆಗೆ ಹೋದರು. ಕ್ಷೌರಿಕನನ್ನು ಬಿಚ್ಚುವುದನ್ನು ಮರೆತರು. ಸಂಜೆಯ ವೇಳೆಗೆ ಬಿಡುಗಡೆಹೊಂದಿದ ಅವನು ಕಟ್ಟನ್ನು ಬಿಚ್ಚಿದವನನ್ನೇ, ಸೇನಾಪತಿಯಾದ ನಿಕಿಯಾಸನು ಹೇಗೆ ಸತ್ತನೆಂಬುದೇನಾದರೂ ತಿಳಿಯಿತೇ ಎಂದು ಕೇಳಿದನೆಂದು ಪ್ಲುಟಾರ್ಕನು ಕಥೆಯನ್ನು ಮುಗಿಸುತ್ತಾನೆ. ಅಂದು ಅರ್ಧ ಕ್ಷೌರದಲ್ಲಿ ಯಾರಾದರೂ ಉಳಿದಿದ್ದರೆ ಅವರ ಗತಿಯೇನಾಯಿತೆಂಬುದನ್ನು ಮಾತ್ರ ಅವನು ಹೇಳಿಲ್ಲ.

ಆದರೆ ಈ ವಿಷಯದಲ್ಲಿ ರೋಮಿನ ಚರಿತ್ರೆಯೇ ಹೆಚ್ಚು ಬೋಧಪ್ರದವಾದುದು. ರೋಮನರು ಬಹುಕಾಲ ಗಡ್ಡಬಿಟ್ಟವರಾಗಿದ್ದರು. ಕ್ರಿ. ಪೂ. ೩೦೦ರ ಸುಮಾರಿನಲ್ಲಿ ಮೇನಾ ಎಂಬವನು ಸಿಸಿಲಿಯಿಂದ ಕ್ಷೌರಿಕರನ್ನು ಇಟಲಿಗೆ ಕರೆತಂದನೆಂದೂ, ಅದನ್ನು ತಿಳಿಸುವ ಬರಹವು ಆರ್ಡಿಯಾ ಊರಿನಲ್ಲಿತ್ತೆಂದೂ ವಾರೋ ಹೇಳುತ್ತಾನೆ. ಅನಂತರ ಗಡ್ಡವಿಲ್ಲದಿರುವುದೇ ಮರ್ಯಾದೆಯಾಯಿತು. ಸಾಬೂನಿನ ನೊರೆಯಿಲ್ಲ, ನೀರು ಮಾತ್ರ. ಕತ್ತಿಯು ಕಬ್ಬಿಣದ್ದು, ಅದನ್ನು ಮತ್ತೆ ಮತ್ತೆ ಸಾಣೆಗೆ ಹಿಡಿಯಬೇಕು, ಸ್ಪೇನಿನಿಂದ ಬರುತ್ತಿದ್ದ ಒಂದು ಬಗೆಯ ಸಾಣೆಕಲ್ಲನ್ನು ಕ್ಷೌರಿಕರು ಉಗುಳಿನಿಂದ ಒದ್ದೆಮಾಡಿ ಉಪಯೋಗಿಸುತ್ತಿದ್ದರೆಂದು ಪ್ಲಿನಿಯು ಬರೆದಿಟ್ಟಿದ್ದಾನೆ. ಬೇಗನೆ ಮಾಡಿದರೆ ರಕ್ತ, ನಿಧಾನವಾಗಿ ಮಾಡಿದರೆ ಕಾಲಹರಣ. ಕ್ರಿ. ಶ. ಒಂದನೆಯ ಶತಮಾನದ ಕವಿಯಾದ ಮಾರ್ಷಿಯಲನು ಎರಡನ್ನೂ ಹಾಸ್ಯಮಾಡಿರುವನು. ಅಂತಿಯೋಕಸನೆಂಬ ಕ್ಷೌರಿಕನ ಕತ್ತಿಯು ತನ್ನ ಗಲ್ಲದ ಮೇಲೆ ಬಿಟ್ಟ ಗಾಯಗಳನ್ನು ಒಂದು ಪದ್ಯದಲ್ಲಿ ಎಣಿಸಿ, ಇನ್ನೊಂದರಲ್ಲಿ ಯೂಟ್ರಪೆಲಸನೆಂಬವನ ನಿಧಾನವನ್ನು ವರ್ಣಿಸುತ್ತ, ಅವನು ಒಂದು ಮುಖವನ್ನು ಸುತ್ತಿ ಮುಗಿಸುವಷ್ಟರಲ್ಲಿ ಅದೇ ಮುಖದಲ್ಲಿ ಎರಡನೆಯ ಗಡ್ಡವು ಹುಟ್ಟಿಕೊಂಡಿತೆನ್ನುತ್ತಾನೆ. ಸುಮಾರು ೧೯೦೦ ವರ್ಷಗಳ ಹಿಂದಿನ ದೂರು ಇದು.

ಧನಿಕರಿಗೆ ಈ ಕಷ್ಟವಿರಲಿಲ್ಲ. ಅವರ ಮನೆಯಲ್ಲಿಯೇ ಕ್ಷೌರಕ್ಕೆ ದಾಸನಿದ್ದನು. ಅಗಸ್ಟಸ್ ಚಕ್ರವರ್ತಿಯಂತೂ ಅವಸರದವನು. ಹಲವು ಮಂದಿ ಕ್ಷೌರಿಕರನ್ನು ಒಟ್ಟಿಗೆ ಕೂದಲಿಗೆ ಹಚ್ಚಿ, ಅವರು ಕೆಲಸಮಾಡುತ್ತಿರುವಾಗಲೇ ತಾನು ಏನನ್ನಾದರೂ ಓದುತ್ತಲೋ ಬರೆಯುತ್ತಲೋ ಇರುತ್ತಿದ್ದನೆಂದು ಸ್ವೆಟೋನಿಯಸನು ಹೇಳುತ್ತಾನೆ. ಹೊರೇಸನ ಒಂದು ಪದ್ಯಪತ್ರದಲ್ಲಿ ಇದಕ್ಕೆ ಸರಿಯೆದುರಾದ ಚಿತ್ರವುಂಟು. ವಕೀಲನಾದ ಫಿಲಿಪ್ಪಸನು ಹಗಲಿನ ಎಂಟನೆಯ ಹೊರೆಯಲ್ಲಿ, ಎಂದರೆ ಮಧ್ಯಾಹ್ನ ಕಳೆದ ಮೇಲೆ, ಕಛೇರಿಯಿಂದ ಬಳಲಿ ಮನೆಗೆ ಹೋಗುತ್ತಿದ್ದಾಗ, ಬರಿದಾದ ಕ್ಷೌರಶಾಲೆಯ ನೆರಳಿನಲ್ಲಿ ಆಗತಾನೆ ಕ್ಷೌರಮಾಡಿಸಿಕೊಂಡ ಒಬ್ಬನು ತನ್ನ ಉಗುರುಗಳನ್ನು ತಾನೇ ನೆಮ್ಮದಿಯಾಗಿ ತೆಗೆದುಕೊಳ್ಳುತ್ತಿದ್ದುದನ್ನು ಕಂಡು ಅಸೂಯೆಪಟ್ಟನು. ಬೆಳಗಿನ ನೂಕುನುಗ್ಗಲು ಕಳೆದ ಮೇಲೆ ಹೋಗತಕ್ಕದ್ದೆಂಬ ಯುಕ್ತಿಯನ್ನು ಆ ಬಡ ಹರಾಜಿನವನು ತಿಳಿದಿದ್ದನೆಂದು ತೋರುತ್ತದೆ.

ಬಡ ಕ್ಷೌರಿಕರಿಗೆ ಅಂಗಡಿಯೂ ಇಲ್ಲದೆ ಬೀದಿಯ ಬದಿಯಲ್ಲಿ ಪೀಠವನ್ನಿಟ್ಟುಕೊಂಡು ಕೆಲಸಮಾಡುತ್ತಿದ್ದರು. ಜಸ್ಟಿನಿಯನ್ ಚಕ್ರವರ್ತಿಯು ೫೩೩ರಲ್ಲಿ ಪ್ರಕಟಿಸಿದ ಡೈಜೆಸ್ಟ್ ಎಂಬ ಧರ್ಮಸಂಗ್ರಹದಲ್ಲಿ, ಚೆಂಡಾಡುವವರ ಚೆಂಡು ಕ್ಷೌರಿಕನ ಕೈಗೆ ತಗುಲಿ ಕತ್ತಿಯು ಜಾರಿ ದಾಸನ ಕೊರಳು ಕೊಯ್ದರೆ ತಪ್ಪು ಯಾರದೆಂಬ ಚರ್ಚೆಯುಂಟು. ಆಟದ ಬಯಲಿನ ಬಳಿ ಪೀಠವನ್ನಿಟ್ಟ ಕ್ಷೌರಿಕನದೇ ತಪ್ಪೆಂದು ಒಬ್ಬ ಧರ್ಮಜ್ಞನು ಹೇಳಿದರೆ, ಅಂತಹ ಸ್ಥಳದಲ್ಲಿ ಕೊರಳನ್ನೊಡ್ಡಿದವನು ತನ್ನನ್ನೇ ಹಳಿದುಕೊಳ್ಳಬೇಕೆಂಬ ಮಾತೂ ಅಲ್ಲಿಯೇ ಇದೆ.

ಇಷ್ಟಕ್ಕೂ ಅವನು ಏಕೆ ಎಲ್ಲರನ್ನೂ ಕೂರಿಸಿಕೊಳ್ಳುತ್ತಿದ್ದನು? ಉತ್ತರವು ೩೦೧ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಹೊರಡಿಸಿದ ಬೆಲೆಗಳ ಶಾಸನದಲ್ಲಿದೆ. ಅದರಂತೆ ಕ್ಷೌರಿಕನಿಗೆ ತಲೆಯೊಂದಕ್ಕೆ ೨ ದಿನಾರಗಳು. ಹೊಲದ ಕೂಲಿಯವನಿಗೆ ಊಟವಲ್ಲದೆ ದಿನಕ್ಕೆ ೨೫ ದಿನಾರಗಳು. ಹೊಲದಾಳಿನ ಸಮಕ್ಕೆ ಬರಬೇಕಾದರೆ ಕ್ಷೌರಿಕನು ದಿನಕ್ಕೆ ಹನ್ನೆರಡು ಹದಿಮೂರು ತಲೆಗಳನ್ನು ಮುಗಿಸಬೇಕು. ಊಟವನ್ನು ತಾನೇ ನೋಡಿಕೊಳ್ಳಬೇಕು. ಬಂದ ಗಿರಾಕಿಯನ್ನು ಈಗ ಬಿಡುವಿಲ್ಲವೆಂದು ಕಳುಹಿಸಿದರೆ ಅವನು ಮುಂದಿನ ಬೀದಿಯ ಅಂಗಡಿಗೆ ಹೋಗುವನು, ೨ ದಿನಾರಗಳೂ ಅವನೊಡನೆಯೇ ಹೋಗುವುವು. ಆದುದರಿಂದ ಇನ್ನೇನು ಆಯಿತು, ಕುಳಿತುಕೊಳ್ಳಿ ಎಂಬ ಮಾತು ಹುಟ್ಟಿತು. ತಲೆಯೆಣಿಸಿ ಕೂಲಿ ಪಡೆಯುವವನಿಗೆ ಬರಿದಾದ ಪೀಠವೇ ನಷ್ಟವು, ತುಂಬಿದ ಜಗಲಿಯೇ ಭರವಸೆಯು. ಗಿರಾಕಿಯು ಕಳೆದುಕೊಳ್ಳುವ ಕಾಲಕ್ಕೆ ಅವನ ಲೆಕ್ಕದಲ್ಲಿ ಬೆಲೆಯಿಲ್ಲ. ಆಯಪದ್ಧತಿಯ ಊರಿನಲ್ಲಿ ಈ ಮಾತಿಗೆ ಕಾರಣವಿರಲಿಲ್ಲವೆಂಬುದನ್ನು ಗಮನಿಸಬೇಕು.

ಇಂಗ್ಲೆಂಡಿನ ಅಂಗಡಿಗಳಲ್ಲಿ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಕಾಯುವವರು ನುಡಿಸಲೆಂದು ಸಿಟರ್ನ್ ಎಂಬ ತಂತೀವಾದ್ಯವನ್ನು ಗೋಡೆಗೆ ತೂಗುಹಾಕುತ್ತಿದ್ದರು. ಇಂದಿನ ದೂರದರ್ಶನದ ಪೆಟ್ಟಿಗೆಯ ಪೂರ್ವಜವದು. ಅದಕ್ಕಿಂತ ಕಿವಿಗೆ ಹಿತವಾಗಿತ್ತೋ ಇಲ್ಲವೋ ನುಡಿಸಿದವರನ್ನು ಅವಲಂಬಿಸಿದ ವಿಷಯ. ವಾದ್ಯಕ್ಕೆ ಒಲಿಯದವರೂ ಇದ್ದರು. ನೌಕಾಖಾತೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸನು ೧೬೬೪ರ ಜನವರಿಯಲ್ಲಿ ತನ್ನ ಮುಖಕ್ಷೌರವನ್ನು ತಾನೇ ಕತ್ತಿಯಿಂದ ಮಾಡಿಕೊಳ್ಳಲಾರಂಭಿಸಿ, ಇದರಿಂದ ಹಣವೂ ಕಾಲವೂ ಉಳಿಯುವುವೆಂದು ದಿನಚರಿಯಲ್ಲಿ ಬರೆದುಕೊಂಡನು. ಮುಂದೆ ಕಾರ್ಖಾನೆಗಳು ಬಂದು ಕೂಲಿಕಾರರಿಗೆ ಶನಿವಾರ ವಾರದ ಕೂಲಿಯೂ ಭಾನುವಾರ ಬಿಡುವೂ ದೊರೆತಮೇಲೆ, ವಾರದ ಗಡ್ಡವೆಲ್ಲವೂ ಶನಿವಾರ ರಾತ್ರಿ, ಭಾನುವಾರ ಬೆಳಗುಗಳಲ್ಲಿ ಕ್ಷೌರಿಕನ ಮೇಲೆ ಬಿದ್ದಿತು. ಭಾನುವಾರ ಅಂಗಡಿಗಳನ್ನು ಮುಚ್ಚಿಸುವುದಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟು ೧೯೩೦ರಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಪೀಪ್ಸನು ಹಿಡಿದ ದಾರಿಯನ್ನು ಲೋಕಕ್ಕೆಲ್ಲ ಸುಗಮಮಾಡಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ಟನು. ಬಿಸಾಡತಕ್ಕ ಅಲಗಿನ ಅವನ ರೇಜರು ೧೯೦೩ರಲ್ಲಿ ಮಾರಾಟಕ್ಕೆ ಬಂದಿತು. ಆ ವರ್ಷ ಮಾರಿದುದು ೫೧ ರೇಜರುಗಳು ಮಾತ್ರ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರವು ತನ್ನ ಸೈನಿಕರಿಗಾಗಿ ೩೫ ಲಕ್ಷ ರೇಜರುಗಳನ್ನು ತರಿಸಿತು. ಯುದ್ಧವು ಮುಗಿದಮೇಲೆ ಆ ಅಭ್ಯಾಸವು ಸೈನಿಕರೊಡನೆಯೇ ಮನೆಗೆ ಬಂದಿತು. ಇದರಿಂದ ಗಡ್ಡದ ಕೆಲಸವು ಬಹುಮಟ್ಟಿಗೆ ಅಂಗಡಿಯನ್ನು ಬಿಟ್ಟಿತು. ತಲೆಗೂದಲಿನ ಕೆಲಸವು ಮಾತ್ರ ಉಳಿಯಿತು. ಬೇಗನೆ ಮುಗಿಯುವ ಕೆಲಸವು ಹೋಗಿ ನಿಧಾನವಾದುದು ಉಳಿದುದರಿಂದ, ಅಂಗಡಿಗೆ ಹೋಗುವುದು ವಿರಳವಾಯಿತಾದರೂ ಹೋದಾಗ ಕೂರುವುದು ದೀರ್ಘವಾಯಿತು. ಸ್ತ್ರೀಯರ ಕೇಶಾಲಂಕಾರಶಾಲೆಗಳಲ್ಲಿ ಇದು ಇನ್ನೂ ಹೆಚ್ಚು. ಕಾರ್ಲ್ ನೆಸ್ಲರನು ೧೯೦೬ರ ಸುಮಾರಿನಲ್ಲಿ ಲಂಡನ್ನಿನಲ್ಲಿ ಪ್ರಚಾರಕ್ಕೆ ತಂದ, ಕೂದಲನ್ನು ಕಾಯಿಸಿ ಗುಂಗುರುಮಾಡುವ ವಿಧಾನಕ್ಕೆ ಒಬ್ಬಾಕೆಯು ಆರು ಗಂಟೆಗಳ ಕಾಲ ಕುಳಿತಿರಬೇಕಾಗಿತ್ತು.

ಕನ್ನಡನಾಡಿನಲ್ಲಿ ಮನೆಗೆ ಬರುವ ಕ್ಷೌರಿಕನು ಅಂಗಡಿಯವನಾದುದು ಇಪ್ಪತ್ತನೆಯ ಶತಮಾನದಲ್ಲಿ ಕ್ರಮಕ್ರಮವಾಗಿ ನಡೆದ ಕಥೆಯು. ಶಾಲೆಗೂ ಕಛೇರಿಗೂ ಹೋಗುವವರು ಜುಟ್ಟನ್ನು ಬಿಟ್ಟು ಕ್ರಾಪನ್ನು ಹಿಡಿದರು. ಜುಟ್ಟಿನ ಸುತ್ತಲೂ ಬೋಳಿಸುವುದಕ್ಕೆ ಕತ್ತಿಯೊಂದು ಸಾಕು. ಕ್ರಾಪಿಗೆ ಕತ್ತರಿ, ಯಂತ್ರ, ಬಾಚಣಿಗೆ, ಎದುರಿಗೊಂದು ಕನ್ನಡಿ, ತಿರುಗುವ ಕುರ್ಚಿ ಎಲ್ಲವೂ ಬೇಕು. ಇಷ್ಟನ್ನು ಹಡಪದಲ್ಲಿ ಹೊತ್ತು ತಿರುಗುವುದು ಆಗದ ಕೆಲಸ. ಹೀಗೆ ಸೆಲೂನು ಎಂಬುದು ಪೇಟೆಬೀದಿಯಲ್ಲಿ ಹುಟ್ಟಿ, ವೃತ್ತಪತ್ರಿಕೆಯೂ ರೇಡಿಯೋವೂ ಬೆಂಚೂ ಅದರೊಳಗೆ ಸೇರಿ, ಪತ್ರಿಕೆಯನ್ನು ಕೊಂಡು ಓದಲಾರದ ಎಷ್ಟೋ ಮಂದಿಗೆ ಅದು ವಾಚನಾಲಯವೂ ಆಯಿತು.

ಹಳೆಯ ಪಂಚಾಂಗವು ಮಾತ್ರ ಅಂಗಡಿಯೊಳಕ್ಕೂ ಹಿಂಬಾಲಿಸಿತು. ಕರ್ನಾಟಕದ ಬಹುಕಡೆ ಕ್ಷೌರದಂಗಡಿಗಳಿಗೆ ಮಂಗಳವಾರ ರಜೆಯು. ಶನಿವಾರವನ್ನು ತಲೆಗೆ ತಾಗಿಸದ ಮನೆಗಳು ಇಂದಿಗೂ ಉಂಟು. ಭಾನುವಾರವೂ ಶಾಸ್ತ್ರದಲ್ಲಿ ವರ್ಜ್ಯವೇ. ಆದರೆ ಕಛೇರಿಯು ಕೊಟ್ಟಿರುವ ಬಿಡುವು ಆ ದಿನವೇ ಆದುದರಿಂದ ಶಾಸ್ತ್ರವು ಅಲ್ಲಿ ಸೋತಿತು. ಪಂಚಾಂಗವು ಕಳೆದು ಉಳಿಸಿದ ದಿನಗಳಲ್ಲಿ ಜನರಿಗೆ ಪುರುಸೊತ್ತಿಲ್ಲ. ಪುರುಸೊತ್ತಿರುವ ದಿನಗಳಲ್ಲಿ ಒಂದೇ ಉಳಿದಿರುವುದು. ಎರಡು ಕಾಲಗಣನೆಗಳು ಹೀಗೆ ಒಂದರ ಮೇಲೊಂದು ಬಿದ್ದಿರುವಲ್ಲಿ, ಭಾನುವಾರ ಬೆಳಗ್ಗೆ ಸೆಲೂನಿನ ಬೆಂಚು ತುಂಬಿರುವುದಕ್ಕೆ ಕ್ಷೌರಿಕನೊಬ್ಬನನ್ನೇ ಹೊಣೆಮಾಡುವುದು ಸರಿಯಲ್ಲ.

ಅಂಗಡಿಯು ಬಂದುದರಿಂದ ಗಿರಾಕಿಯು ಕಾಯುವವನಾದನೆಂಬುದು ಒಂದು ಮುಖವು. ಕ್ಷೌರಿಕನು ಒಲ್ಲೆನೆನ್ನಬಲ್ಲವನಾದನೆಂಬುದು ಇನ್ನೊಂದು ಮುಖವು. ಮನೆಗೆ ಕರೆದಾಗ ಹೋಗಲೇಬೇಕಾದವನು ಆ ಮನೆಯಲ್ಲಿ ಯಾವ ಕೆಲಸವನ್ನು ಹೇಳಿದರೂ ಮಾಡಬೇಕಾಗಿತ್ತು. ಬ್ರಾಹ್ಮಣರ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯರ ತಲೆಯನ್ನು ಬೋಳಿಸುವುದು ಅಂತಹ ಕೆಲಸಗಳಲ್ಲಿ ಒಂದು. ಅವನು ಬರುವ ಹೊತ್ತನ್ನು ಆ ಮಕ್ಕಳು ಹಿತ್ತಿಲಿನಲ್ಲಿ ಕುಳಿತು ಕಾದುದೂ ಕಾಯುವಿಕೆಯೇ. ಅದನ್ನು ಬರೆದಿಟ್ಟವರು ಕಡಿಮೆ. ೧೮೯೦ರಲ್ಲಿ ಮುಂಬಯಿಯ ನಾವಿದರು ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಮೇಲೆ ಕತ್ತಿಯನ್ನು ಮುಟ್ಟಿಸುವುದಿಲ್ಲವೆಂದು ನಿಶ್ಚಯಿಸಿದರು. ಕಾರ್ಮಿಕರ ನಾಯಕನಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಇದಕ್ಕೆ ಬೆಂಬಲವಾಗಿದ್ದರು. ಶಾಸ್ತ್ರವನ್ನು ಬಲ್ಲವರು ಧರ್ಮವೆಂದು ಎಣಿಸಿದುದನ್ನು ಕತ್ತಿ ಹಿಡಿದವರು ಅಧರ್ಮವೆಂದು ಕಂಡರು. ಈ ವಿಷಯದಲ್ಲಿ ಕಣ್ಣು ತೆರೆದಿದ್ದವರು ಅವರೇ ಎಂದು ಸಂಕೋಚವಿಲ್ಲದೆ ಹೇಳಬೇಕು.

ಸರದಿಯೆಂಬುದು ಕೂಡ ಹೊಸ ವಸ್ತುವೇ. ಮೊದಲು ಬಂದವನಿಗೆ ಮೊದಲು ಎಂಬ ನಿಯಮವು ಆಯಗಾರರ ಊರಿನಲ್ಲಿ ಇರಲಿಲ್ಲ. ೧೯೪೮ರ ನವೆಂಬರ್ ೨೯ರಂದು ಸಂವಿಧಾನಸಭೆಯಲ್ಲಿ, ಅಂಗಡಿಗಳಿಗೆ ಪ್ರವೇಶವನ್ನು ಯಾರಿಗೂ ನಿರಾಕರಿಸಕೂಡದೆಂಬ ವಿಧಿಯು ಚರ್ಚೆಗೆ ಬಂದಾಗ, ಅಂಗಡಿಯೆಂದರೆ ಯಾವುದೆಂಬ ಪ್ರಶ್ನೆ ಎದ್ದಿತು. ಸೇವೆಯನ್ನು ಬಯಸಿ ಬಂದ ಯಾರಿಗಾದರೂ ಒಡೆಯನು ಸೇವೆಸಲ್ಲಿಸಲು ಸಿದ್ಧನಾಗಿರುವ ಸ್ಥಳವೆಲ್ಲವೂ ಅಂಗಡಿಯೆಂದು ಡಾಕ್ಟರ್ ಅಂಬೇಡ್ಕರರು ಆ ಪದಕ್ಕೆ ವಿಶಾಲವಾದ ಅರ್ಥವನ್ನು ಹೇಳಿದರು. ಈ ಅರ್ಥದೊಳಗೆ ಕ್ಷೌರಶಾಲೆಯೂ ಬಂದಿತು. ೧೯೫೦ರಲ್ಲಿ ಸಂವಿಧಾನವು ಜಾರಿಗೆ ಬಂದು, ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಇಂತಹ ನಿರಾಕರಣೆಯನ್ನು ದಂಡನೀಯವಾಗಿ ಮಾಡಿತು. ಅಂದಿನಿಂದ ಸೆಲೂನಿನ ಬೆಂಚಿನಲ್ಲಿ ಗೌಡನೂ ಅವನ ಹೊಲದ ಆಳೂ ಪಕ್ಕಪಕ್ಕದಲ್ಲಿ ಕುಳಿತು ಒಂದೇ ಸರದಿಯನ್ನು ಕಾಯಬೇಕೆಂಬುದು ಶಾಸನವು. ಅದು ಎಲ್ಲೆಡೆಯೂ ನಡೆದಿಲ್ಲ. ದಲಿತರಿಗೆ ಕ್ಷೌರಮಾಡಿದ ತಪ್ಪಿಗಾಗಿ ತನಗೆ ಊರಿನವರು ದಂಡ ವಿಧಿಸಿದರೆಂದು ನಂಜನಗೂಡು ತಾಲ್ಲೂಕಿನ ಒಬ್ಬ ಕ್ಷೌರಿಕನು ದೂರಿಟ್ಟ ಸುದ್ದಿಯು ೨೦೨೦ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಎರಡು ಗಂಟೆ ಕಾಯಬೇಕಾಯಿತೆಂದು ಸಿಡಿಮಿಡಿಗೊಳ್ಳುವವನು ಬೆಂಚಿನಲ್ಲಿ ಸ್ಥಳವನ್ನು ಪಡೆದವನೆಂಬುದು ಇಂತಹ ಸುದ್ದಿಗಳಿಂದ ತಿಳಿಯುತ್ತದೆ.

ಹಾಗೆಂದು ಸಿಡಿಮಿಡಿಯು ಅನ್ಯಾಯವಾದುದಲ್ಲ. ಕಾಯುವಿಕೆಯ ಗಣಿತವನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದವನು ಡೆನ್ಮಾರ್ಕಿನ ಎರ್ಲಾಂಗನು. ಕೋಪನ್‌ಹೇಗನ್ನಿನ ದೂರವಾಣಿ ಕಂಪೆನಿಯ ಕರೆಗಳನ್ನು ಕುರಿತು ಅವನು ೧೯೦೯ರಲ್ಲಿ ಪ್ರಕಟಿಸಿದ ಲೇಖನದಿಂದ ಹುಟ್ಟಿದ ಶಾಸ್ತ್ರವು ಕ್ಷೌರಶಾಲೆಗೂ ಸಲ್ಲುತ್ತದೆ. ಕುರ್ಚಿಯೊಂದೇ ಇದ್ದು, ಪ್ರತಿಯೊಬ್ಬನಿಗೂ ಸರಿಯಾಗಿ ಅರ್ಧ ಗಂಟೆಯು ಹಿಡಿದು, ಗಿರಾಕಿಗಳು ತಮಗೆ ತೋಚಿದಾಗ ಬರುವರೆಂದು ಇಟ್ಟುಕೊಂಡರೆ, ಕ್ಷೌರಿಕನ ಕಾಲದಲ್ಲಿ ಅರ್ಧವು ಬಿಡುವಾಗಿರುವಲ್ಲಿ ಒಬ್ಬನು ಸರಾಸರಿ ಕಾಲು ಗಂಟೆ ಕಾಯುವನು. ಹತ್ತರಲ್ಲಿ ಎಂಟು ಭಾಗ ಕೆಲಸವಿದ್ದರೆ ಒಂದು ಗಂಟೆ. ಹತ್ತರಲ್ಲಿ ಒಂಬತ್ತು ಭಾಗವಾದರೆ ಎರಡೂಕಾಲು ಗಂಟೆ! ಕೆಲಸವು ಸ್ವಲ್ಪ ಹೆಚ್ಚಿದರೆ ಕಾಯುವಿಕೆಯು ಇಮ್ಮಡಿಗಿಂತಲೂ ಹೆಚ್ಚುವುದು. ಗಿರಾಕಿಯು ಬಂದೊಡನೆ ಕುರ್ಚಿಯು ಸಿಕ್ಕಬೇಕಾದರೆ ಕ್ಷೌರಿಕನು ದಿನದ ಬಹುಭಾಗ ಕೈಕಟ್ಟಿ ಕುಳಿತಿರಬೇಕು. ಆ ಬಿಡುವಿನ ಬೆಲೆಯನ್ನು ಯಾರು ಕೊಡುವರು? ಅಗಸ್ಟಸನು ಕೊಟ್ಟನು. ಡಯೊಕ್ಲೀಷಿಯನ್ನನ ಎರಡು ದಿನಾರಗಳಲ್ಲಿ ಅದು ಸೇರಿರಲಿಲ್ಲ. ಇಂದಿನ ದರದಲ್ಲಿಯೂ ಸೇರಿಲ್ಲ.

ಹೊತ್ತನ್ನು ಗೊತ್ತುಮಾಡುವುದು ಇದಕ್ಕೆ ತಕ್ಕ ಪರಿಹಾರವೇ ಸರಿ, ಗೊತ್ತುಮಾಡಿದ ಹೊತ್ತು ನಿಜವಾಗಿದ್ದರೆ. ದೂರವಾಣಿಯಲ್ಲಿ ಕೇಳಿದ ನಾಲ್ವರಿಗೂ ಹತ್ತು ಗಂಟೆಯೆಂದೇ ಹೇಳುವ ಅಂಗಡಿಯವನು ಯೂಟ್ರಪೆಲಸನಿಗಿಂತ ಹೆಚ್ಚಿನ ಅಪರಾಧಿಯು. ಮರದ ಕೆಳಗಣ ನಾವಿದನು ನಿಧಾನಿಯಾಗಿರಬಹುದು, ಓಲಗಕ್ಕೆ ಹೋಗಿ ಮೂರು ದಿನ ಬರದೆಯೂ ಇದ್ದಿರಬಹುದು. ಅವನು ಯಾರಿಗೂ ಹೊತ್ತನ್ನು ಮಾತುಕೊಟ್ಟವನಲ್ಲ, ಆದುದರಿಂದ ಮಾತಿಗೆ ತಪ್ಪಿದವನೂ ಅಲ್ಲ. ಗಿರಾಕಿಗಳ ಪಾಲೂ ಇಲ್ಲಿ ಇಲ್ಲದಿಲ್ಲ. ಹತ್ತು ಗಂಟೆಗೆ ಬರುವೆನೆಂದು ಹೇಳಿ ಬಾರದೆ ಹೋಗುವವರು ನಾಲ್ವರಲ್ಲಿ ಇಬ್ಬರೆಂಬುದನ್ನು ಅನುಭವದಿಂದ ಕಂಡ ಅಂಗಡಿಯವನು ನಾಲ್ವರನ್ನು ಕರೆಯುತ್ತಾನೆ. ನಾಲ್ವರೂ ಬಂದುಬಿಟ್ಟ ದಿನ ಜಗಳವಾಗುತ್ತದೆ.

ಇದೇ ಕ್ಷೌರಿಕನು ಚೌಲ ಉಪನಯನಗಳ ದಿನ ಬೇರೆಯೇ ಆಗಿರುತ್ತಾನೆ. ಪುರೋಹಿತನು ಲಗ್ನವನ್ನು ಘಳಿಗೆ ವಿಘಳಿಗೆಗಳಲ್ಲಿ ಇಟ್ಟಿರುತ್ತಾನೆ. ಘಳಿಗೆಯೆಂದರೆ ೨೪ ನಿಮಿಷಗಳು. ಹಿಂದೆ ನೀರಿನಲ್ಲಿ ತೇಲಿಬಿಟ್ಟ ತೂತಿನ ಬಟ್ಟಲು ಮುಳುಗುವುದನ್ನು ನೋಡಿ ಅದನ್ನು ಅಳೆಯುತ್ತಿದ್ದರು. ವಟುವಿನ ಕ್ಷೌರವೂ ಸ್ನಾನವೂ ಮುಗಿಯದೆ ಬ್ರಹ್ಮೋಪದೇಶವಿಲ್ಲ. ಸೂರ್ಯೋದಯಕ್ಕೆ ಮುಂಚೆಯೇ ಅವನು ಚಪ್ಪರದ ಮೂಲೆಯಲ್ಲಿ ಕತ್ತಿಯನ್ನು ಸಾಣೆಗೆ ಹಿಡಿದು, ಬಿಸಿನೀರಿಗೆ ಹೇಳಿ, ಕುಳಿತಿರುತ್ತಾನೆ. ಮಗುವನ್ನು ಎಬ್ಬಿಸಿ ಕರೆತರುವುದಕ್ಕೆ ತಡಮಾಡುವವರು ಮನೆಯವರು.